ಅಂಕಿಯಿಲ್ಲದ ಹಾಳೆಗಳು

ಏಳನೆಯ ಕಂತು

"ಈ ಖೋಲಿ ನೀವು ಎರಡ ಸಲ ನೋಡೀರಿ. ಮೂರನೇ ಸಲ ನೋಡಿದ್ರ ಏನ್ ಸಿಗತದ್ರಿ, ಬಾಯಾರ?" ಬೀಗ ತೆಗೆಯುತ್ತ ಕಲ್ಲವ್ವ ಕೇಳಿದಳು.

ರಾಜೀವಿ ಅವಳನ್ನು ದಾಟಿ ಒಳಗೆ ಹೋದಳು. ಏನು ಸಿಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಪುಣೆಯ ಖಡಕಿ ಬಜಾರಿನ ಹಿಂದಿನ ಚಾಳಿನಲ್ಲಿ ಅದು ಮಹಡಿಯ ಕೊನೆಯ ಖೋಲಿ. ಒಂದು ಮಂಚ, ಒಂದು ಕುರ್ಚಿ, ಒಂದು ತಾಟು, ಒಂದು ಲೋಟ. ಯಾವ ಸಾಮಾನೂ ಎರಡಿರಲಿಲ್ಲ. ಮೇಜಿನ ಮೇಲೆ ಕಂಪ್ಯೂಟರ್ ಇದ್ದ ಜಾಗ ಖಾಲಿ. ಅದನ್ನು ಪೊಲೀಸರು ಒಯ್ದಿದ್ದರು.

ಖೋಲಿಯ ಒಡೆಯ ಹೊಳಬಸಪ್ಪ ಕಾಣೆಯಾಗಿ ಹತ್ತು ವಾರವಾಗಿತ್ತು. ತಾನು ಕೆಲಸ ಮಾಡುತ್ತಿದ್ದ ಕಂಪನಿ ರಕ್ತನಿಧಿಗಳಿಗೆ ಮಾಡಿಕೊಟ್ಟ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಬೇಕೆಂದೇ ವಿಷದಂಥ ತಪ್ಪು ಸಾಲು ಬೆರೆಸಿದ, ಅದರಿಂದ ರೇಣು ಎಂಬ ಬಾಣಂತಿಗೆ ತಪ್ಪು ಗುಂಪಿನ ರಕ್ತ ಏರಿ ಅವಳು ಸತ್ತಳು, ಅವನು ಓಡಿಹೋದ. ಕಂಪನಿ ಹೇಳುತ್ತಿದ್ದದ್ದು ಇಷ್ಟು. ಪೊಲೀಸರು ನಂಬಿದ್ದೂ ಇಷ್ಟನ್ನೇ.

ಕಲ್ಲವ್ವ ಅವನ ಅಕ್ಕ. ಇದರ ನಿಜ ಹುಡುಕಲು ರಾಜೀವಿಯನ್ನು ಹಚ್ಚಿದವಳು ಅವಳೇ. ಐವತ್ತರ ಆಸುಪಾಸು. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಗಂಡನೊಂದಿಗೆ ಇದ್ದು, ಅವನು ತೀರಿಕೊಂಡ ಮೇಲೆ ಅಲ್ಲೇ ಹತ್ತಿರ ನಾಲ್ಕು ಮನೆಗೆ ರೊಟ್ಟಿ ಬಡಿದು ಕೊಡುತ್ತಿದ್ದ ಹೆಂಗಸು. ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರಲಿಲ್ಲ.

"ಮದವಿ ಆಗೋ ಅಂದ್ರ ನಗತಿದ್ದ," ಎಂದಳು. "ಆಫೀಸಿಂದ ಬಂದು ಇದ ಕುರ್ಚಿಮ್ಯಾಲ ಕುಂತು ಬರೀತಿದ್ದ. ಇಷ್ಟ ಯಾಕ ಬರೀತೀಯೋ ಅಂದ್ರ, ಅಕ್ಕಾ, ಇದೇನ್ ಕೆಲಸ ಅಲ್ಲ, ಬರೇ ಆಟ ಅಂತಿದ್ದ."

"ಯಾರ ಜೋಡಿ ಆಟ?"

"ಅಂದ್ರ?"

"ಆಟ ಅಂದ್ರ ಎದುರಿಗೆ ಒಬ್ಬರರ ಇರಬೇಕಲ್ಲ, ಕಲ್ಲವ್ವಾರ."

ಕಲ್ಲವ್ವ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಅದೆಲ್ಲಾ ನನಗ ತಿಳಿಯೂದಿಲ್ರಿ. ಅವನ ಹೆಸರೊಂದು ತೊಳದು ಕೊಡ್ರಿ, ಸಾಕು. ನಂಗ ಕೆಲಸ ಅದ, ಹೋಗತೀನಿ. ಕೀಲಿ ಬಾಜೂ ಮನ್ಯಾಗ ಕೊಡ್ರಿ," ಎಂದು ಇಳಿದುಹೋದಳು.

ರಾಜೀವಿ ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದು, ಹಾಳೆಗಳನ್ನು ನೆಲದ ಮೇಲೆ ಹರಡಿದಳು. ನಲವತ್ತಮೂರು ಹಾಳೆ. ಎರಡೂ ಅಂಚಿಗೆ ತೂತಿರುವ ಉದ್ದನೆಯ ಪ್ರಿಂಟರ್ ಕಾಗದ. ಒಂದರಲ್ಲಿ ಅಕ್ಷರಗಳೆಲ್ಲ ಸೇರಿ ಕಂದೀಲಿನ ಆಕಾರ ತಾಳಿದ್ದವು. ಇನ್ನೊಂದರಲ್ಲಿ ಚಹಾದ ಕೆಟಲಿ. ಮತ್ತೊಂದರಲ್ಲಿ ಬೀಸುಕಲ್ಲು, ಹಿಡಿಕೆಯ ಸಮೇತ.

ಇವು ಚಿತ್ರಗಳಲ್ಲ, ನಿಜವಾದ ಪ್ರೋಗ್ರಾಮುಗಳು ಎಂದು ಕಂಪ್ಯೂಟರ್ ಕ್ಲಾಸಿನ ಮಾಸ್ತರರೊಬ್ಬರು ಹೋದ ವಾರ ಅವಳಿಗೆ ಬಿಡಿಸಿ ಹೇಳಿದ್ದರು. ಪ್ರೋಗ್ರಾಮು ಬರೆಯುವವರು ಸಾಮಾನ್ಯವಾಗಿ ಇನ್ನೊಬ್ಬರಿಗೆ ಅರ್ಥವಾಗಲಿ ಎಂದು ಬರೆಯುತ್ತಾರಂತೆ. ಆದರೆ ಕೆಲವರಿಗೆ ಒಂದು ಹುಚ್ಚು ಇರುತ್ತದೆ. ಯಂತ್ರಕ್ಕೆ ತಿಳಿಯಬೇಕು, ಮನುಷ್ಯನಿಗೆ ತಿಳಿಯಬಾರದು, ಹಾಗೆ ತಿರುವಿ ತಿರುವಿ ಬರೆಯುವುದು. ಲಾಭವಿಲ್ಲ, ಉಪಯೋಗವಿಲ್ಲ. ಬರೆದವನಿಗೂ ಬಿಡಿಸಿದವನಿಗೂ ಸಿಗುವ ಖುಷಿ, ಅಷ್ಟೆ.

ಬಿಡಿಸಿದವನು. ಆ ಮಾತು ಅವಳ ತಲೆಯಲ್ಲಿ ಕೂತಿತ್ತು. ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ಹಾಕಿದ ಒಂದು ಸಣ್ಣ ಟಿಕ್ಕು ಇತ್ತು. ಹೊಳಬಸಪ್ಪ ಪೆನ್ಸಿಲು ಮುಟ್ಟುತ್ತಿರಲಿಲ್ಲ. ಖೋಲಿಯಲ್ಲಿ ಒಂದೂ ಇರಲಿಲ್ಲ. ಯಾರೋ ಇವನ್ನು ಓದಿ, ಒಪ್ಪಿ, ವಾಪಸು ಕೊಟ್ಟಿದ್ದರು.

ಅವಳು ಕಂದೀಲಿನ ಹಾಳೆಯನ್ನು ಮಡಿಲಿಗೆ ಎಳೆದುಕೊಂಡಳು. ನಿನ್ನೆ ಮನೆಯಲ್ಲಿ ಕೂತು ಅದನ್ನೇ ಪೆನ್ನಿನಿಂದ ಒಂದೊಂದೇ ಅಕ್ಷರ ನಕಲು ಮಾಡಿದ್ದಳು. ಅರ್ಥವಾಗದಿದ್ದರೂ ಕೈಗಾದರೂ ರೂಢಿಯಾಗಲಿ ಎಂದು. ಈಗ ಬೆರಳಿಟ್ಟು ಸಾಲು ಸಾಲಾಗಿ ಸರಿಸಿದಳು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಊರಿಂದೂರಿಗೆ ಫೋನು ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ರಾಜೀವಿ ಹತ್ತೊಂಬತ್ತು ವರ್ಷ ಕೂತವಳು. ಧಾರವಾಡದಿಂದ ಮೊದಲ ಸಲ ಪುಣೆಗೆ ಬಂದಾಗ ಮರಾಠಿ ಬರುತ್ತಿರಲಿಲ್ಲ, ಆದರೆ ನಂಬರುಗಳು ಬರುತ್ತಿದ್ದವು. ಊರಿನ ಅರ್ಧ ಜನರನ್ನು ಅವಳು ಮುಖದಿಂದ ಅಲ್ಲ, ನಂಬರಿನಿಂದ ಬಲ್ಲಳು. ಯಂತ್ರ ಬಂದು ಬೋರ್ಡು ಕಿತ್ತ ಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡಳು. ಅಂದಿನಿಂದ ದಿನಕ್ಕೆ ಮುನ್ನೂರು ಧ್ವನಿ ಕೇಳುತ್ತಿದ್ದ ಕಿವಿಗೆ ಹಾಲಿನವನ ಧ್ವನಿಯೊಂದೇ ಉಳಿಯಿತು. ಈ ಪತ್ತೆಯ ಕೆಲಸ ಹಿಡಿದದ್ದೂ ಹಾಗೆಯೇ. ಯಾರಾದರೂ ಬಾಗಿಲು ತೆಗೆದು, ಬರ್ರಿ, ಏನಾಗಬೇಕಿತ್ತು ಎಂದು ಕೇಳುತ್ತಾರಲ್ಲ, ಅದಕ್ಕೆ.

ಅವಳ ಕಣ್ಣು ಕಾಗದ ಕಂಡರೆ ತಾನಾಗಿ ನಂಬರು ಹುಡುಕುತ್ತಿತ್ತು. ಮೂಲೆಯಲ್ಲಿ ಪ್ರಿಂಟರ್ ಹಾಕಿದ ತಾರೀಖು ಬಿಟ್ಟರೆ ಈ ಹಾಳೆಯಲ್ಲಿ ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ.

ಮತ್ತೊಮ್ಮೆ ನೋಡಿದಳು. ಅಕ್ಷರ, ಕಂಸ, ಚುಕ್ಕೆ, ನಕ್ಷತ್ರ. ಅಂಕಿ ಇಲ್ಲ.

ಕೆಟಲಿಯ ಹಾಳೆ ಎತ್ತಿಕೊಂಡಳು. ಇಲ್ಲ. ಬೀಸುಕಲ್ಲು. ಇಲ್ಲ. ಮೊಣಕಾಲೂರಿ ಒಂದೊಂದಾಗಿ ನಲವತ್ತಮೂರನ್ನೂ ಜಾಲಾಡಿದಳು. ತಾರೀಖು ಬಿಟ್ಟರೆ, ಸೊನ್ನೆಯಿಂದ ಒಂಬತ್ತರವರೆಗಿನ ಒಂದೇ ಒಂದು ಅಂಕಿ ಎಲ್ಲೂ ಇರಲಿಲ್ಲ.

ಆಮೇಲೆ ಚೀಲದಿಂದ ಕೋರ್ಟಿಗೆ ಕೊಟ್ಟ ಪ್ರತಿ ತೆಗೆದಳು. ಹೊಳಬಸಪ್ಪ ಬೆರೆಸಿದ ವಿಷ ಎಂದು ಕಂಪನಿ ತೋರಿಸಿದ್ದ ಹದಿನಾಲ್ಕು ಸಾಲು. ಅಷ್ಟೇ ತಿರುವಿದ, ಅಷ್ಟೇ ಅರ್ಥವಾಗದ ಬರವಣಿಗೆ.

ಮೂರನೇ ಸಾಲಿನಲ್ಲಿ ಏಳು ಇತ್ತು. ಐದರಲ್ಲಿ ಹದಿನಾರು. ಒಂಬತ್ತರಲ್ಲಿ ಇನ್ನೂರ ಐವತ್ತೈದು.

ರಾಜೀವಿ ಹಾಳೆಗಳನ್ನು ಟ್ರಂಕಿಗೆ ತುಂಬಿ, ಕೀಲಿ ಪಕ್ಕದ ಮನೆಗೆ ಕೊಟ್ಟು, ವಾಕಡದ ರಿಕ್ಷಾ ಹಿಡಿದಳು.

*

ಆ ವರ್ಷ, ೨೦೦೨ರಲ್ಲಿ, ವಾಕಡದಲ್ಲಿ ಜೋಳದ ಹೊಲ ಹೆಚ್ಚು, ಕಟ್ಟಡ ಕಡಿಮೆ. ಕಂಪನಿಯ ಮೂರನೇ ಮಹಡಿಯ ಗಾಜಿನಿಂದ ನೋಡಿದರೆ ತೆನೆ ಕಾಯುವ ಹೆಂಗಸರು ಕಾಣುತ್ತಿದ್ದರು. ಒಳಗೆ ಎಲ್ಲರೂ ಪರದೆಯ ಕಡೆ ಮುಖ ಮಾಡಿ ಕೂತಿದ್ದರು. ಐವತ್ತು ಜನರಿದ್ದರೂ ಕೀಲಿಗಳ ಸಪ್ಪಳ ಬಿಟ್ಟರೆ ಮಾತಿಲ್ಲ.

ರೋಹಿತನ ಹತ್ತಿರ ಅವಳು ಬಂದದ್ದಕ್ಕೆ ಕಾರಣವಿತ್ತು. ಹೊಳಬಸಪ್ಪನ ವಿಭಾಗದ ಮುಖ್ಯಸ್ಥ ಅವನೇ. ದೂರಿಗೆ ಸಹಿ ಹಾಕಿದವನೂ ಅವನೇ. "ಇಂಥದ್ದನ್ನು ಬರೆಯಬಲ್ಲವನು ನಮ್ಮಲ್ಲಿ ಒಬ್ಬನೇ" ಎಂದು ಹೇಳಿಕೆ ಕೊಟ್ಟಿದ್ದ. ಮೂವತ್ತಮೂರರ, ತೆಳ್ಳಗಿನ, ಕಣ್ಣಕೆಳಗೆ ಕಪ್ಪುಗಟ್ಟಿದ ಮನುಷ್ಯ. ಬೆಳಗಾವಿಯವರ ಮಗ, ಹುಟ್ಟಿ ಬೆಳೆದದ್ದು ಪುಣೆ. ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದು ಕೂರಿಸಿದ.

"ಕೂಡ್ರಿ ಮೇಡಂ. ಚಹಾ ಹೇಳ್ಲಿ?"

"ಬ್ಯಾಡ್ರಿ. ಒಂದೆರಡು ಮಾತು ಕೇಳಿ ಹೋಗತೀನಿ. ಹೊಳಬಸಪ್ಪ ಆಟಕ್ಕಂತ ಬರೀತಿದ್ದ ಹಾಳಿ ನೀವು ನೋಡೀರೇನು?"

"ಬರೀತಿದ್ದ ಅಂತ ಎಲ್ಲಾರಿಗೂ ಗೊತ್ತದ. ನಾ ನೋಡಿಲ್ಲ."

"ಒಂದನೂ?"

"ನನಗ ಟೈಮ್ ಎಲ್ಲೆ ಅದ, ಮೇಡಂ? ಮತ್ತ ನೋಡಿದ್ರೂ ತಿಳಿಯೂದಿಲ್ಲ. ಅವು ತಿಳೀಬಾರದು ಅಂತನ ಬರದಿದ್ದು."

ರಾಜೀವಿ ತಾನು ಕೈಯಿಂದ ನಕಲು ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟಳು. ಅವಳ ಅಕ್ಷರದಲ್ಲಿ ಕಂದೀಲು ಸೊಟ್ಟಗಾಗಿತ್ತು. ಗಾಜು ಒಂದು ಕಡೆ ವಾಲಿತ್ತು.

"ಇದು ಅಂವ ಬರದಿದ್ದು. ನಾ ನಕಲ ಮಾಡೀನಿ. ಇದರ ಶೈಲಿ ಮತ್ತ ನೀವು ಪೊಲೀಸರಿಗೆ ಕೊಟ್ಟಿದ್ದರ ಶೈಲಿ ಒಂದs ಅನಸ್ತದೇನು, ನೋಡಿ ಹೇಳ್ರಿ."

ರೋಹಿತ ಸುಮ್ಮನೆ ಕಣ್ಣಾಡಿಸುವವನಂತೆ ಬಗ್ಗಿದ. ಅವನ ಕಣ್ಣು ಮೇಲಿನಿಂದ ಕೆಳಕ್ಕೆ ಜಾರಿ, ಕಂದೀಲಿನ ಬುಡದ ಹತ್ತಿರ ಗಕ್ಕನೆ ನಿಂತಿತು. ಹುಬ್ಬು ಗಂಟಾಯಿತು. ಕೈ ತಾನಾಗಿ ಪೆನ್ಸಿಲು ಎತ್ತಿಕೊಂಡಿತು.

"ಇಲ್ಲಿ ನೀವು ತಪ್ಪು ಇಳಿಸೀರಿ. ಇದು ಜಿ ಅಲ್ಲ, ಕ್ಯೂ. ಜಿ ಹಾಕಿದ್ರ ಗುಬ್ಬಿಗೆ ಬಾಲನ ಬರೂದಿಲ್ಲ."

ತಿದ್ದಿದ. ತಿದ್ದಿ ಮುಗಿಸಿದ ಮೇಲೆ ಕೈ ಅಲ್ಲೇ ನಿಂತಿತು.

ಹೊರಗೆ ಕೀಲಿಗಳ ಸಪ್ಪಳ ನಡೆದೇ ಇತ್ತು.

"ಇದು ಕಂದೀಲ ಅದ, ರೋಹಿತ ಅವರ," ಎಂದಳು ಮೆಲ್ಲಗೆ. "ಗುಬ್ಬಿ ಎಲ್ಲಿಂದ ಬಂತು?"

ಅವನು ಪೆನ್ಸಿಲಿನ ತುದಿ ನೋಡಿದ.

"ಇದನ್ನ ಓಡಿಸಿದ್ರ ಪರದಿಮ್ಯಾಲ ಗುಬ್ಬಿ ಮೂಡತದ. ಹೌದಿಲ್ಲೋ? ನನಗ ಗೊತ್ತಿರಲಿಲ್ಲ. ಈಗ ನೀವ ಹೇಳಿದ್ರಿ."

"ಯಾರಾದ್ರೂ ಹೇಳಬಹುದು..."

"ತಿಳಿಯೂದಿಲ್ಲ ಅಂತ ಈಗs ಅಂದ್ರಿ. ಆ ಪೆನ್ಸಿಲ ಕೆಳಗ ಇಡ್ರಿ. ನಲವತ್ತಮೂರು ಹಾಳಿಮ್ಯಾಲೂ ಅದರ ಟಿಕ್ಕು ಅದ."

ರೋಹಿತ ಎದ್ದು ಗಾಜಿನ ಬಾಗಿಲು ಹಾಕಿದ. ವಾಪಸು ಬಂದು ಕುರ್ಚಿಯಲ್ಲಿ ಕೂತಾಗ ಅವನು ಮುಖ್ಯಸ್ಥನಂತೆ ಕೂರಲಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ, ಕೈ ಎರಡೂ ತೊಡೆಯ ನಡುವೆ ಇಟ್ಟುಕೊಂಡು ಕೂತ.

"ನಾಲ್ಕು ವರ್ಷ ಆಡಿದ್ವಿ," ಎಂದ.

"ಹ್ಯಾಂಗ?"

"ಅಂವ ಹಾಳಿ ತಂದು ಪ್ರಿಂಟರ್ ಟ್ರೇದಾಗ ಇಡತಿದ್ದ. ನಾ ತಗೋತಿದ್ದೆ. ಕಂಪ್ಯೂಟರಿಗೆ ಹಾಕಬಾರದು, ಬರೇ ಓದಿ ಬಿಡಸಬೇಕು, ಅದು ಶರ್ತು. ಬಿಡಿಸಿ ಟಿಕ್ಕು ಹಾಕಿ ಅಲ್ಲೇ ಇಡತಿದ್ದೆ. ನಾನೂ ಬರದು ಕೊಡತಿದ್ದೆ. ನಮ್ಮದು ಮಾತು ಭಾಳ ಇರಲಿಲ್ಲ ಮೇಡಂ. ಜೋಡಿ ಊಟಾ ಮಾಡಿದ್ದಿಲ್ಲ, ಅವನ ಖೋಲಿಗೆ ನಾ ಹೋಗಿದ್ದಿಲ್ಲ. ಆದ್ರ ಅವನಷ್ಟು ನನಗ ಯಾರೂ ಗೊತ್ತಿರಲಿಲ್ಲ. ಒಂದು ಸಲ ಜ್ವರ ಬಂದಾಗ ಬರದಿದ್ದ, ಓದಿದ್ರ ತಿಳೀತಿತ್ತು, ಇವತ್ತ ಇವನ ತಲಿ ನೋಯಾಕತ್ತದ ಅಂತ."

"ಅಂಕಿ ಯಾಕ ಹಾಕತಿರಲಿಲ್ಲ?"

ರೋಹಿತ ತಲೆ ಎತ್ತಿದ. ಅವನ ಮುಖದಲ್ಲಿ ಹೆದರಿಕೆಗಿಂತ ಮೊದಲು ಬೆರಗು ಮೂಡಿತು.

"ನಿಮಗ ಅದು ಕಂಡಿತಾ?" ಎಂದ. "ಅದು ಅವನ ಹಟ. ಅಂಕಿ ಹಾಕಿದ್ರ ಆಟ ಸಸಾರ ಆಗತದ ಅಂತಿದ್ದ. ಮೂರು ಬೇಕಂದ್ರ ಡಿ ಅಕ್ಷರದಾಗ ಎ ಅಕ್ಷರ ಕಳೀತಿದ್ದ. ಎ, ಬಿ, ಸಿ, ಡಿ. ಎ ದಿಂದ ಡಿ ಮೂರು ಹೆಜ್ಜಿ. ಹಂಗ. ನಾ ಯಾವಾಗಲೂ ಅಂಕೀನ ಹಾಕತಿದ್ದೆ. ಕಳ್ಳ ಅಂತ ಬೈತಿದ್ದ ನನಗ."

"ಹಂಗಾದ್ರ ಈ ಹದಿನಾಲ್ಕು ಸಾಲಿನ್ಯಾಗ ಅಂಕಿ ಹ್ಯಾಂಗ ಬಂದುವು?"

ಅವಳು ಕೋರ್ಟಿನ ಪ್ರತಿಯನ್ನು ಕಂದೀಲಿನ ಪಕ್ಕದಲ್ಲಿಟ್ಟು, ಮೂರನೇ ಸಾಲಿನ ಏಳರ ಮೇಲೆ ಉಗುರು ಊರಿದಳು.

ರೋಹಿತ ಬಹಳ ಹೊತ್ತು ಆ ಉಗುರನ್ನೇ ನೋಡಿದ.

"ಆ ಸಾಲು ನನ್ನವು," ಎಂದ. "ತಪ್ಪು ನಂದು. ಬೇಕಂತ ಮಾಡಿದ್ದಲ್ಲ, ದೇವರಾಣಿ. ಅವಸರದಾಗ ಬರದಿದ್ದೆ, ಹೊಸಾ ರಕ್ತ ಬರಕೊಳ್ಳುವಾಗ ಒಂದೊಂದು ಸಲ ಗುಂಪು ತಪ್ಪು ಬೀಳತಿತ್ತು. ಆ ಹುಡುಗಿ, ರೇಣು, ತೀರಿಕೊಂಡ ಮರುದಿನ ಮ್ಯಾಲಿನವರು ಕರೆದ್ರು. ಇದು ತಪ್ಪು ಅಂತ ಗೊತ್ತಾದ್ರ ಕಂಪನಿ ಮುಳಗತದ, ಇದು ಯಾರೋ ಬೇಕಂತ ಮಾಡಿದ್ದು ಅಂತ ಕಾಣಬೇಕು ಅಂದ್ರು. ಹೊಳಬಸಪ್ಪ ಎರಡು ದಿನದಿಂದ ಬಂದಿರಲಿಲ್ಲ. ಅವನ ಹೆಸರು ಅವರ ಬಾಯಿಂದ ಬಂತು. ನಾ ನನ್ನ ಸಾಲು ತಗೊಂಡು ಅವನಂಗ ತಿರುವಿದೆ."

"ಅಂವ ಕಲಿಸಿಕೊಟ್ಟ ಆಟದಿಂದs."

ಅವನು ಮುಖ ಆ ಕಡೆ ತಿರುಗಿಸಿದ.

ರಾಜೀವಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬಂತು. "ಟ್ರಂಕಿನ್ಯಾಗ ಹೋದ ವರ್ಷ ದೀಪಾವಳಿತನಕ ಬರದ ಹಾಳಿ ಅದಾವ. ಆಮ್ಯಾಲಿಂದು ಒಂದೂ ಇಲ್ಲ. ಬರಿಯೂದು ಬಿಟ್ಟನೇನು?"

"ಬಿಟ್ಟಿದ್ದು ನಾ," ಎಂದ ರೋಹಿತ. "ನನಗ ಈ ಖುರ್ಚಿ ಬಂತು. ಮದವಿ ಆತು. ಇನ್ನ ಇಂಥಾ ಹುಡುಗಾಟ ಸಾಕು ಅನಿಸ್ತು. ಅಂವ ಬಿಡಲಿಲ್ಲ. ಹದಿನೈದು ದಿನಕ್ಕೊಂದು ಟ್ರೇದಾಗ ಇಡತಿದ್ದ. ಬ್ಯಾರೇ ಯಾರರ ನೋಡಿದ್ರ ನಗತಾರ ಅಂತ ನಾ ತಗೊಂಡು ಒಳಗ ಒಗೀತಿದ್ದೆ. ಓದಲಿಲ್ಲ. ಯಾಕ ಓದಲಿಲ್ಲ ಅಂತ ಅಂವ ಕೇಳಲೂ ಇಲ್ಲ."

ಮೇಜಿನ ಕೆಳಗಿನ ಖಾನೆ ಎಳೆದ. ಅದರ ತುಂಬ ಮಡಚಿದ ಹಾಳೆ. ಯಾವುದರ ಮೂಲೆಯಲ್ಲೂ ಟಿಕ್ಕು ಇರಲಿಲ್ಲ.

ಸುಮಾರು ಒಂದು ವರ್ಷ. ಪ್ರತಿ ಹದಿನೈದು ದಿನಕ್ಕೆ ಒಬ್ಬ ಮನುಷ್ಯ ಆ ಟ್ರೇ ಖಾಲಿಯಾದದ್ದು ನೋಡಿ, ಇಂದಲ್ಲ ನಾಳೆ ವಾಪಸು ಬಂದೀತೆಂದು ಕಾದಿದ್ದ. ಗಂಟೆ ಬಾರಿಸುತ್ತಲೇ ಇದ್ದು ಆ ತುದಿಯಲ್ಲಿ ಯಾರೂ ಎತ್ತದ ಫೋನುಗಳನ್ನು ರಾಜೀವಿ ಸಾಕಷ್ಟು ಕೇಳಿದ್ದಳು. ಮೂರು ನಿಮಿಷಕ್ಕೆ ಸಾಕು ಮಾಡಿ ತಂತಿ ಕೀಳಬೇಕೆಂಬುದು ಎಕ್ಸ್‌ಚೇಂಜಿನ ನಿಯಮ. ಇಲ್ಲಿ ಅಂಥ ನಿಯಮ ಹೇಳಿಕೊಡುವವರು ಅವನಿಗೆ ಯಾರೂ ಇರಲಿಲ್ಲ.

"ಕಟ್ಟಕಡೀದು ಯಾವುದು?" ಎಂದು ಕೇಳಿದಳು.

ರೋಹಿತ ಎಲ್ಲಕ್ಕಿಂತ ಮೇಲಿದ್ದ ಹಾಳೆ ತೆಗೆದ. ಮೂಲೆಯಲ್ಲಿ ಪ್ರಿಂಟರ್ ಹಾಕಿದ ತಾರೀಖು ಇತ್ತು. ಸೆಪ್ಟೆಂಬರ್ ಹದಿಮೂರು, ಶುಕ್ರವಾರ. ಸೋಮವಾರದಿಂದ ಹೊಳಬಸಪ್ಪನನ್ನು ಯಾರೂ ನೋಡಿರಲಿಲ್ಲ. ರೇಣು ಸತ್ತದ್ದು ಮಂಗಳವಾರ.

ಈ ಹಾಳೆಗೆ ಆಕಾರವೇ ಇರಲಿಲ್ಲ. ಅವಸರದಲ್ಲಿ ಬರೆದ ಹಾಗೆ ಅಕ್ಷರಗಳು ಅಂಚಿನಿಂದ ಅಂಚಿಗೆ ಒತ್ತಿ ತುಂಬಿದ್ದವು.

"ಓದ್ರಿ," ಎಂದಳು ರಾಜೀವಿ.

"ಈಗ? ಇದಕ್ಕ ಭಾಳ ಹೊತ್ತು..."

"ನಾ ಕೂತಿರತೀನಿ."

ಅವನು ಪೆನ್ಸಿಲು ಎತ್ತಿಕೊಂಡ. ಮೊದಲು ತಡವರಿಸಿದ. ಒಂದು ಸಾಲಿಗೆ ಎರಡು ಸಲ, ಮೂರು ಸಲ ಹೋದ. ಹತ್ತು ನಿಮಿಷವಾದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ತುಟಿ ಸಣ್ಣಗೆ ಅಲುಗಾಡತೊಡಗಿತು. ಯಾರೋ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾರೇನೋ ಎಂಬಂತೆ ಒಂದು ಕಡೆ ನಕ್ಕ ಕೂಡ. ಬಿಳಿಯ ಹಾಳೆಯ ಮೇಲೆ ಒಂದೊಂದೇ ಅಕ್ಷರ ಇಳಿಸುತ್ತ ಹೋದ. ಮುಕ್ಕಾಲು ಗಂಟೆ ಆಗಿರಬೇಕು. ಅರ್ಧ ದಾಟಿದ ಮೇಲೆ ನಗು ಹೋಗಿತ್ತು.

ಮುಗಿಸಿ, ಕಾಗದವನ್ನು ಅವಳ ಕಡೆ ತಳ್ಳಿದ. ಓದಿ ಹೇಳುವ ಧೈರ್ಯ ಅವನಿಗಿರಲಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅದು. ರಾಜೀವಿ ಮನಸ್ಸಿನಲ್ಲೇ ಕೂಡಿಸಿಕೊಂಡು ಓದಿದಳು.

"ರೋಹಿತ, ರಕ್ತದ ಬಾಟಲಿ ಚೀಟಿ ತಪ್ಪು ಬೀಳತದ. ಎರಡು ಕಡೆ. ಒಂದು, ಹೊಸಾ ರಕ್ತ ಬರಕೊಳ್ಳುವಾಗ. ಎರಡನೇದು, ಹರಿದ ಚೀಟಿ ತಿರುಗಿ ತಗಿಯುವಾಗ. ಅದಕ್ಕ ಮೊದಲು ಚೀಟಿ ತಗದ ಬಾಟಲಿ ಗುಂಪು ಇದರ ಚೀಟಿಮ್ಯಾಲ ಬರತದ. ಮ್ಯಾಲಿನವರಿಗೆ ಹೇಳಿದೆ, ಸುಮ್ಮನಿರು ಅಂದ್ರು. ಸೋಮವಾರ ಸ್ವಾರಗೇಟದ ರಕ್ತನಿಧಿಗೆ ನಾನ ಹೋಗಿ ಹೇಳತೀನಿ. ನೀ ಜೋಡಿ ಬಾ."

ರಾಜೀವಿ ಕಾಗದ ಕೆಳಗಿಟ್ಟಳು.

"ಇಂಥಾ ಸುದ್ದಿ ಹಿಂಗ್ಯಾಕ ತಿರುವಿ ಬರದ?" ಎಂದಳು ರಾಜೀವಿ. "ಬಂದು ನೇರ ಹೇಳಬಾರದಾಗಿತ್ತೇನು?"

"ನೇರ ಬಂದ್ರ ನಾ ತಲಿ ಎತ್ತಿ ನೋಡೂದು ಬಿಟ್ಟಿದ್ದೆ, ಮೇಡಂ," ಎಂದ ರೋಹಿತ. "ಇದನ್ನಾರ ಓದ್ಯಾನು ಅಂದ್ಕೊಂಡಿರಬೇಕು."

ರಾಜೀವಿ ಆ ಕಾಗದವನ್ನು ಇನ್ನೊಮ್ಮೆ ನೋಡಿದಳು. ಥಟ್ಟನೆ ಅವಳ ಬೆರಳು ನಡುವೆ ನಿಂತಿತು.

"ಎರಡು ಕಡೆ ಅಂತ ಬರದಾನ. ಆ ಹುಡುಗಿ ಸತ್ತಮ್ಯಾಲ ನೀವು ಎಷ್ಟು ಕಡೆ ಸರಿ ಮಾಡಿದ್ರಿ?"

ರೋಹಿತ ಕಾಗದವನ್ನು ತನ್ನ ಕಡೆ ಎಳೆದುಕೊಂಡ.

"ಒಂದು," ಎಂದ. "ಎರಡನೇದು ನಮಗ ಗೊತ್ತs ಇರಲಿಲ್ಲ."

"ಹಂಗಾದ್ರ ಹತ್ತು ವಾರದಿಂದ ಅದು ಹಂಗs ನಡದದ. ಫೋನ್ ಇಲ್ಲಿ ತರ್ರಿ. ಮೊದಲು ಸ್ವಾರಗೇಟದ ನಂಬರ ಹೇಳ್ರಿ."

*

ಎರಡು ಸಲ ಗಂಟೆ ಬಾರಿಸಿದ ಮೇಲೆ ಆ ಕಡೆ ಎತ್ತಿದರು.

"ಹಾಂ, ಬೋಲಾ."

ಹೆಣ್ಣಿನ ಧ್ವನಿ. ಮರಾಠಿಯಲ್ಲಿದ್ದರೂ ಅದರ ಎಳೆತ ಬೇರೆ. ರಾಜೀವಿಯ ಕಿವಿ ಅದನ್ನು ಕೂಡಲೇ ಹಿಡಿಯಿತು.

"ನೀವು ನಮ್ಮ ಕಡಿಯವರ ಅದೀರಿ. ಕನ್ನಡ ಬರತದಲ್ಲ?"

"ಅಯ್ಯ, ಹೌದ್ರಿ! ನಾ ನೀಲಿಮಾ, ಇಲ್ಲೆ ಟೆಕ್ನಿಷಿಯನ್ ಅದೀನಿ. ನೀವ್ಯಾರು?"

ರಾಜೀವಿ ಹೆಸರು ಹೇಳಿ, ಎರಡೇ ಮಾತಿನಲ್ಲಿ ಎಚ್ಚರಿಸಿದಳು. ಹರಿದ ಚೀಟಿಗೆ ಕಂಪ್ಯೂಟರಿನಿಂದ ಹೊಸ ಚೀಟಿ ತೆಗೆಯಬೇಡಿ, ಗುಂಪು ತಪ್ಪು ಬರುತ್ತದೆ, ಕಂಪನಿಯವರು ಇಲ್ಲೇ ಇದ್ದಾರೆ, ಅವರೇ ಹೇಳುತ್ತಾರೆ.

ನೀಲಿಮಾ, "ಇದನ್ನ ಹೇಳಾಕ ಅವತ್ತ ಒಬ್ಬರು ಬಂದಿದ್ರು," ಎಂದಳು.

"ಹೊಳಬಸಪ್ಪ?"

"ಹೌದ್ರಿ. ಗಣಪತಿ ಹಬ್ಬದ ವಾರದಾಗ, ಸೋಮವಾರ. ದೊಡ್ಡ ಡಾಕ್ಟರು ನಂಬಲಿಲ್ಲ. ಹಂಗಾದ್ರ ನನ್ನ ರಕ್ತ ತಗೋರಿ, ಚೀಟಿ ತಗದು ನೋಡ್ರಿ, ತಪ್ಪು ಬರತದ ಅಂದ್ರು. ತಗೊಂಡ್ವಿ. ನೋಡೂದ್ರಾಗ ಅವರು ತಲಿ ತಿರುಗಿ ಬಿದ್ರು. ಬಿದ್ದವರು ಏಳಲಿಲ್ಲ. ಮೂಗಿನಿಂದ ರಕ್ತ ಬರಾಕತ್ತಿತು. ಅವರಿಗೆ ಮೊದಲಿಂದ ಏನೋ ಬ್ಯಾನಿ ಇರಬೇಕು, ನಮಗ ಹೇಳಲಿಲ್ಲ. ಚೀಟಿ ನೋಡೂದು ಅಲ್ಲೇ ನಿಂತಿತು."

"ಇದನ್ನ ಯಾರಿಗೂ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ. ಕೇಳಿದ್ರ ಹೇಳತಿದ್ದೆ."

ರಾಜೀವಿ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. "ಆಮ್ಯಾಲ ಏನಾತು? ಎಲ್ಲಿ ಹೋದ್ರು?"

"ಅವರ ಕಿಸೇದಾಗ ಒಂದು ನಂಬರ ಇತ್ತು. ಫೋನ್ ಮಾಡಿದ್ವಿ. ಅವರ ಅಕ್ಕ ಬಂದು ರಿಕ್ಷಾದಾಗ ಕರಕೊಂಡು ಹೋದ್ರು. ಕಲ್ಲವ್ವ ಅಂತ."

ರಾಜೀವಿ ಕಣ್ಣು ಮುಚ್ಚಿದಳು. ಆ ಕಲ್ಲವ್ವನೇ ತಿಂಗಳ ಕೆಳಗೆ ತನ್ನ ಬಾಗಿಲಿಗೆ ಬಂದು, ಗಣಪತಿ ಹಬ್ಬವಾದ ಮೇಲೆ ತಮ್ಮನ ಮುಖ ನೋಡಿಲ್ಲ ಎಂದು ಅತ್ತಿದ್ದಳು. ಆದರೆ ತಮ್ಮನನ್ನು ಹುಡುಕಿ ಕೊಡಿ ಎಂದು ಒಂದು ಸಲವೂ ಕೇಳಿರಲಿಲ್ಲ. ಅದು ಯಾಕೆಂದು ಈಗ ತಿಳಿಯಿತು. ಹೊಳಬಸಪ್ಪ ಬದುಕಿದ್ದ. ಅಕ್ಕ ಅವನನ್ನು ಪೊಲೀಸರ ಕಣ್ಣು ತಪ್ಪಿಸಿ ಎಲ್ಲೋ ಇಟ್ಟಿದ್ದಳು. ಹೆಸರು ತೊಳೆದ ಮೇಲೆ ಹೊರಗೆ ತರಲೆಂದು.

"ಅವರೇ ಇವತ್ತೂ ಬಂದಿದ್ರಲ್ಲ," ಎಂದಳು ನೀಲಿಮಾ.

"ಇವತ್ತ? ಯಾಕ?"

"ತಮ್ಮಗ ಭಾಳ ಸೀರಿಯಸ್ ಅದ, ಊರ ಕಡೆ ಒಂದು ಸಣ್ಣ ದವಾಖಾನ್ಯಾಗ ಇಟ್ಟೀನಿ, ಅಲ್ಲೆ ರಕ್ತ ಸಿಗವಲ್ಲದು ಅಂದ್ರು. ಡಾಕ್ಟರ್ ಚೀಟಿ ತಂದಿದ್ರು, ಬ್ಯಾರೇ ಯಾರದೋ ಹೆಸರಿನ್ಯಾಗ. ಬಿ ನೆಗೆಟಿವ್ ರೀ, ಎಲ್ಲಾ ಕಡೆ ಸಿಗೂದಿಲ್ಲ. ಎರಡು ಬಾಟಲಿ ಐಸ್ ಡಬ್ಬಿಯಾಗ, ಬರ್ಫದಾಗ ಇಟ್ಟು ಕೊಟ್ಟೆ."

"ಎರಡು ಇದ್ದುವೇನು ನಿಮ್ಮ ಹಂತ್ಯಾಕ?"

"ಲೆಕ್ಕಕ್ಕ ಒಂದs ಇತ್ತು. ಒಂದು ಬಾಟಲಿ ಚೀಟಿ ತೊಯ್ದು ಹರಿದು ಬಿದ್ದಿತ್ತು. ಅದರ ನಂಬರ ಹಾಕಿ ಹೊಸಾ ಚೀಟಿ ತಗದೆ. ಅವರ ನಸೀಬ ನೋಡ್ರಿ, ಅದೂ ಬಿ ನೆಗೆಟಿವ್..."

ನೀಲಿಮಾಳ ಮಾತು ಅಲ್ಲಿಗೆ ನಿಂತಿತು. ಈ ಕಡೆ ರೋಹಿತ ಕುರ್ಚಿಯಿಂದ ಎದ್ದುಬಿಟ್ಟಿದ್ದ. ಫೋನಿನ ಧ್ವನಿ ಅವನಿಗೂ ಕೇಳಿಸಿತ್ತು.

"ಅಯ್ಯೋ ಬಾಯಾರ," ಎಂದಳು ನೀಲಿಮಾ. ಧ್ವನಿ ಪಿಸುಮಾತಾಗಿತ್ತು. "ಅದಕ್ಕ ಮೊದಲು ನಾ ತಗದಿದ್ದು ಮೊದಲನೇ ಬಾಟಲಿ ಚೀಟಿ, ಖರೇ ಬಿ ನೆಗೆಟಿವ್ ಇತ್ತಲ್ಲ, ಅದರದು. ಅದರ ಗುಂಪs ಇದಕ್ಕೂ ಬಿದ್ದಿರಬೇಕು."

"ಕಲ್ಲವ್ವ ಎಷ್ಟೊತ್ತಿಗೆ ಹೋದ್ರು?"

"ತಾಸಾತು. ಸ್ವಾರಗೇಟದಿಂದ ಹನ್ನೆರಡೂವರಿ ಬಸ್ಸು ಅಂದ್ರು."

"ಯಾವ ಊರಿಗೆ?"

"ಅದನ್ನ ಹೇಳಲಿಲ್ರಿ. ನಾನೂ ಕೇಳಲಿಲ್ಲ."

ಗೋಡೆಯ ಗಡಿಯಾರ ಹನ್ನೆರಡು ಹತ್ತೊಂಬತ್ತು ತೋರಿಸುತ್ತಿತ್ತು. ವಾಕಡದಿಂದ ಸ್ವಾರಗೇಟಿಗೆ ಎಷ್ಟು ಜೋರಾಗಿ ಹೋದರೂ ಒಂದು ತಾಸು.

"ನೀವು ಈಗs ಸ್ಟ್ಯಾಂಡಿಗೆ ಓಡ್ರಿ, ನೀಲಿಮಾ. ಹತ್ತು ನಿಮಿಷದ ಹಾದಿ. ಆಕಿ ಮುಖ ನಿಮಗ ಗೊತ್ತದ. ಓಡ್ರಿ!"

ಫೋನು ಇಟ್ಟು, ಆ ಗಳಿಗೆಯಲ್ಲೇ ಮತ್ತೆ ಎತ್ತಿದಳು. ಬಸ್ ಸ್ಟ್ಯಾಂಡಿನ ವಿಚಾರಣೆಯ ನಂಬರನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಎಂಗೇಜ್ ಟೋನು. ಮತ್ತೆ ಒತ್ತಿದಳು. ಎಂಗೇಜ್. ರೋಹಿತ ಅವಳ ಎದುರು ನಿಂತು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಿದ್ದ. ಆರನೇ ಸಲಕ್ಕೆ ಹತ್ತಿತು.

ಅವಳು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು: ಹನ್ನೆರಡೂವರೆಗೆ ಕರ್ನಾಟಕದ ಕಡೆ ಹೋಗುವ ಬಸ್ಸು ತಡೆಯಿರಿ, ಬರ್ಫದ ಡಬ್ಬಿ ಹಿಡಿದ ಹೆಂಗಸೊಬ್ಬಳಿದ್ದಾಳೆ, ಒಬ್ಬರ ಜೀವದ ಪ್ರಶ್ನೆ.

ಆ ಕಡೆಯವನಿಗೆ ದಿನವೂ ಇಂಥ ನೂರು ಮಾತು ಕೇಳಿ ಕೇಳಿ ಸಾಕಾಗಿತ್ತು. ಆಕಳಿಸಿದ.

"ಸಾಡೇಬಾರಾಲಾ? ಪಾಚ್ ಗಾಡ್ಯಾ ಆಹೇತ್, ಬಾಯೀ," ಎಂದ. ಹನ್ನೆರಡೂವರೆಗೆ ಐದು ಗಾಡಿಗಳಿವೆ. "ಕುಠಲೀ ಥಾಂಬವೂ?"

ಯಾವುದನ್ನು ನಿಲ್ಲಿಸಲಿ?